ನಲವತ್ತು ಅಕ್ಷರಗಳಿಗೆ ಸಾಕ್ಷಿ

ಡುಲುತ್, ಅಕ್ಟೋಬರ್ 9

ಮಗೂ,

ಸರೋವರದ ಅಲೆಗಳನ್ನು ಲೆಕ್ಕ ಹಾಕುವ ನಿನ್ನ ತಂತ್ರಾಂಶವನ್ನು ನನ್ನ ಎರಡೂ ಲಿನಕ್ಸ್ ಕಂಪ್ಯೂಟರುಗಳಿಗೆ ಹಾಕಿದೆ. ಒಂದರಲ್ಲಿರುವ ಫೆಡೋರಾ ವ್ಯವಸ್ಥೆ ಒಂದೊಂದು ಪ್ಯಾಕೇಜಿನ ಡಿಜಿಟಲ್ ಸಹಿಯನ್ನೂ ಪರೀಕ್ಷಿಸುತ್ತದೆ. ಇನ್ನೊಂದರಲ್ಲಿರುವ ಡೆಬಿಯನ್, ಎಲ್ಲ ಪ್ಯಾಕೇಜುಗಳ ಒಟ್ಟು ಪಟ್ಟಿಯ ಸಹಿಯನ್ನಷ್ಟೇ ನೋಡಿ, ಪ್ಯಾಕೇಜುಗಳನ್ನು ಪಟ್ಟಿಯೊಡನೆ ತಾಳೆ ನೋಡುತ್ತದೆ. ನೀನು ಯಾವುದನ್ನು ಹೆಚ್ಚು ನಂಬುತ್ತೀ?

ಕುತೂಹಲ ತಡೆಯದೆ, ಮೂಲ ಕಡತಕ್ಕೆ ನೀನೇ ಹಾಕಿದ ಸಹಿಯನ್ನೂ ಪರೀಕ್ಷಿಸಿದೆ. ಅದರಲ್ಲಿರುವುದು ನಾವಿಟ್ಟ ಗಂಡುಹೆಸರಲ್ಲ, ನೀನು ಆರಿಸಿಕೊಂಡ ಹೆಸರು. ‘ಸಹಿ ಸರಿಯಿದೆ. ಆದರೆ ಇದು ಈ ಹೆಸರಿನವರದೇ ಎನ್ನಲು ಯಾರ ಸಾಕ್ಷಿಯೂ ಇಲ್ಲ’ ಎಂದು ಪರದೆಯ ಮೇಲೆ ಬಂತು.

ನನ್ನ ಹಿಂದೆ ನಿಂತಿದ್ದ ನಿನ್ನಮ್ಮ ಅದನ್ನು ಓದಿ, "ನಾಲ್ಕು ವರ್ಷದಿಂದ ನೀನೂ ಅದನ್ನೇ ತಾನೇ ಹೇಳ್ತಿರೋದು, ಆರ್ವಿಡ್?" ಅಂದಳು.

ಸಾಕ್ಷಿ ಹಾಕುವವನು ಹೆಸರನ್ನೂ, ಸಹಿಯ ಕೀಲಿಯನ್ನು ಗುರುತಿಸುವ ನಲವತ್ತು ಅಕ್ಷರಗಳನ್ನೂ ಆ ವ್ಯಕ್ತಿಯ ಬಾಯಿಂದಲೇ ಕೇಳಬೇಕಂತೆ. ಭಾನುವಾರ ಫೋನ್ ಮಾಡು. ಬೇರೇನೂ ಮಾತಾಡಬೇಕಿಲ್ಲ. ನಿಧಾನವಾಗಿ ಓದು, ಪರದೆಯಿಂದ ನಾನು ಬರೆದಿಟ್ಟುಕೊಂಡ ಅಕ್ಷರಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಗುರುತಿನ ಚೀಟಿ ಬೇಡ, ನಿನ್ನ ದನಿ ನನಗೆ ಗೊತ್ತು.

ಮೊದಲು ಹೆಸರು ಹೇಳು. ನಾನೂ ಹೇಳುತ್ತೇನೆ. ಉಚ್ಚಾರ ತಪ್ಪಿದರೆ ತಿದ್ದು, ನನಗಿನ್ನೂ ರೂಢಿಯಿಲ್ಲ.

ಇತಿ,
ಮಾರೆನ್ ಎಂಬ ಮಗಳ ಅಪ್ಪ