ಪೊರೆ ಹೊದ್ದು ಬಂದವಳು

ಅತ್ತೆ,

ನೀವು ಇದ್ದಾಗ ಕೇಳಲು ಧೈರ್ಯವಾಗದ್ದನ್ನು, ನೀವು ಹೋಗಿ ಮೂರು ತಿಂಗಳಾದ ಮೇಲೆ ಕೇಳುತ್ತಿದ್ದೇನೆ. ಈಗಲಾದರೂ ಬೈಗುಳ ಬರುವುದಿಲ್ಲವಲ್ಲ!

ರೇವತಿ ಹುಟ್ಟಿದ ಬೆಳಿಗ್ಗೆ ನೆನಪಿದೆಯೇ? ಸಯನ್ನಿನ ನಮ್ಮ ಚಾಳಿಗೆ ಕರೆಂಟು ಬಂದ ವರ್ಷ. ಮಗುವಿನ ಮುಖಕ್ಕೆ ತೆಳ್ಳನೆಯ ಪೊರೆ ಕವಿದದ್ದು ಕಂಡು ನಾನು ಕಿರುಚಿದೆ. ಸೂಲಗಿತ್ತಿ ಅದನ್ನು ಮೆಲ್ಲಗೆ ಸುಲಿದು, "ನಶೀಬವಾನ್ ಆಹೆ ಪೋರಗಿ!" ಎಂದು ನಕ್ಕಳು. ನೀವೋ ಮಗುವಿಗಿಂತ ಮೊದಲು ಪೊರೆಯನ್ನು ನೋಡಿದಿರಿ. "ಅದೃಷ್ಟ ಹೊದ್ದುಕೊಂಡೇ ಬಂದಿದೆ ಮಾರಾಯ್ತಿ. ಇದು ಯಾರ ಮೈಮೇಲೆ ಉಂಟೋ, ಅವರು ನೀರಲ್ಲಿ ಮುಳುಗುವುದಿಲ್ಲ." ನಿಮ್ಮ ಗಂಡುಮಕ್ಕಳಿಬ್ಬರೂ ಹಡಗಿನ ಅಡುಗೆಮನೆಯಲ್ಲಿ ದುಡಿಯುವವರು. ನಿಮ್ಮ ಯೋಚನೆ ಎಲ್ಲಿಗೆ ಹೋಯಿತೆಂದು ನನಗೆ ಆಗಲೇ ತಿಳಿಯಿತು.

ಹತ್ತು ದಿನ ಆ ಪೊರೆ ಹಳೆಯ ಪಂಚಾಂಗದ ಹಾಳೆಗಳ ನಡುವೆ ಒಣಗಿತು. ಆಮೇಲೆ ನೀವು ಬೆನ್ನು ತಿರುಗಿಸಿ ಕುಳಿತು ಬಟ್ಟೆಯ ಎರಡು ತಾಯಿತ ಹೊಲಿದಿರಿ. ಬೆನ್ನು ತಿರುಗಿಸಿದ್ದೇಕೆ? ಮೈದುನ ವಾಸುವಿನದು ಉಬ್ಬಿಕೊಂಡಿತ್ತು, ನನ್ನ ಗಂಡನದು ಚಪ್ಪಟೆ. ಕಿರಿಮಗನ ಮೇಲೆ ನಿಮಗಿದ್ದ ಮೋಹ ಯಾರಿಗೆ ತಿಳಿಯದು? "ಸಮಪಾಲು ಮಾಡಿದಿರಾ?" ಎಂದು ಕೇಳಿದ್ದಕ್ಕೆ, "ನಾನೆಂತ, ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಹಚ್ಚುವವಳಾ?" ಎಂದು ಗದರಿದಿರಿ. ನಾನು ನಂಬಲಿಲ್ಲ. ಮೂರು ವರ್ಷ, ಇವರ ಕಾಗದ ತಡವಾದಾಗಲೆಲ್ಲ ಆ ಚಪ್ಪಟೆ ತಾಯಿತ ಕಣ್ಣಮುಂದೆ ಬರುತ್ತಿತ್ತು. ನಿಮಗೆ ಅನ್ನ ಬಡಿಸುತ್ತಲೇ ಮನಸ್ಸಿನಲ್ಲಿ ನಿಮ್ಮನ್ನು ಶಪಿಸಿದ್ದೇನೆ.

ಕಳೆದ ಭಾನುವಾರ ಇವರು ಎಣ್ಣೆಸ್ನಾನಕ್ಕೆಂದು ತಾಯಿತ ತೆಗೆದಿಟ್ಟಾಗ ಹೊಲಿಗೆ ಬಿಚ್ಚಿದೆ. ಒಳಗೆ ಗೆರೆಗೆರೆಯ ಈರುಳ್ಳಿ ಸಿಪ್ಪೆ! ಮೂಸಿಯೂ ನೋಡಿದೆ. ಹಾಗಾದರೆ ಇಡೀ ಪೊರೆ ವಾಸುವಿಗೆ... ಅವನೂ ರಜೆಯಲ್ಲಿ ಬಂದಿದ್ದ. ಮರುದಿನವೇ ದಾದರಿನಲ್ಲಿ ಲೋಕಲ್ ಬದಲಿಸಿ ವಿಲೆ ಪಾರ್ಲೆಯ ಅವನ ಮನೆಗೆ ಹೋದೆ. "ದಾರ ಸವೆದಿದೆ, ಕೊಡು, ಬದಲಿಸ್ತೇನೆ" ಎಂದೆ. "ಜಾಗ್ರತೆ ಆಯ್ತಾ ಅತ್ತಿಗೆ, ಅಮ್ಮ ಕಟ್ಟಿದ್ದು" ಎಂದು ಕೊಟ್ಟ. ಅಡುಗೆಮನೆಗೆ ಒಯ್ದು ಬಿಚ್ಚಿದರೆ ಅದರಲ್ಲೂ ಸಿಪ್ಪೆ, ಎರಡು ಪದರ. ಬೆಣ್ಣೆಯೂ ಅಲ್ಲ, ಸುಣ್ಣವೂ ಅಲ್ಲ, ಎರಡು ಕಣ್ಣಿಗೂ ಈರುಳ್ಳಿ! ಹಾಗೇ ಹೊಲಿದು ಕೊಟ್ಟು ಬಂದೆ.

ದಾರಿಯುದ್ದಕ್ಕೂ ಒಂದೇ ಗುಮಾನಿ. ಬಂದರಿನ ಖಲಾಸಿಗಳು ಇಂಥ ಪೊರೆಗೆ ಬಾಯಿ ಬಿಡುತ್ತಾರಂತೆ, ಅವರಿಗೇನಾದರೂ ಮಾರಿದಿರೋ ಎಂದು. ಮನೆಗೆ ಬಂದರೆ ರೇವತಿ ನಲ್ಲಿಯ ಕೆಳಗೆ ಕುಣಿಯುತ್ತಿದ್ದಳು. ಅವಳ ಉಡಿದಾರದಲ್ಲಿ ನಾಮಕರಣದ ದಿನ ನೀವು ಕಟ್ಟಿದ ಬೆಳ್ಳಿ ತಾಯಿತ. "ದೇವರ ಭಸ್ಮ, ಬಿಚ್ಚಬೇಡ" ಎಂದಿದ್ದಿರಿ. ತಾಯಿತದ ಬಾಯಿಗೆ ಮೆತ್ತಿದ್ದ ಅರಗು ಕೆರೆದು ನೋಡಿದೆ. ಪೊರೆ ಇಡಿಯಾಗಿ ಅಲ್ಲಿತ್ತು, ಸಣ್ಣಗೆ ಮಡಚಿ.

ಹೊದ್ದು ಬಂದವಳಿಂದ ಕಿತ್ತುಕೊಳ್ಳಲು ನಿಮಗೆ ಮನಸ್ಸಾಗಲಿಲ್ಲ. ಗಂಡುಮಕ್ಕಳನ್ನು ಬರಿಗೊರಳಲ್ಲಿ ಹಡಗಿಗೆ ಕಳಿಸಲೂ ಆಗಲಿಲ್ಲ. ನನಗೊಂದು ಮಾತು ಹೇಳಬಾರದಿತ್ತೇ? ಹೇಳಿದ್ದರೆ ನಾನು ಮಗಳಿಂದ ಬಿಚ್ಚಿ ಗಂಡನಿಗೆ ಕಟ್ಟುತ್ತಿದ್ದೆನೆಂದು ನಿಮಗೇ ನನ್ನ ಮೇಲೆ ಗುಮಾನಿ ಇತ್ತೇನೋ. ಸರಿಯಾಗಿಯೇ ಇತ್ತು. ಅರಗು ಕಾಯಿಸಿ ಮತ್ತೆ ಮೆತ್ತುವಾಗ ನಿಮ್ಮನ್ನು ನೆನೆದು ಅತ್ತುಬಿಟ್ಟೆ.

ಸೋಮವಾರ ಇವರ ಹಡಗು ಹೊರಡುತ್ತದೆ. ಬಿಚ್ಚಿಟ್ಟಿದ್ದ ಅವರ ತಾಯಿತದಲ್ಲಿ ಅದೇ ಸಿಪ್ಪೆ ಇಟ್ಟು, ಬೆನ್ನು ತಿರುಗಿಸಿ ಕುಳಿತು ಹೊಲಿದೆ. ಕಟ್ಟಿಸಿಕೊಳ್ಳಲು ಕೊರಳು ಬಗ್ಗಿಸಿದವರು, "ಒಳಗೆ ಎಂತ ಉಂಟು, ನೋಡಿದೆಯಾ?" ಎಂದರು.

"ನಿಮ್ಮ ಅಮ್ಮ ಇಟ್ಟದ್ದೇ ಉಂಟು" ಎಂದೆ.