ಬೀಗರ ಹಡಗು

ಹಾಸ್ಟೆಲ್, ದೊಡ್ಡಬಳ್ಳಾಪುರ
ಭಾನುವಾರ

ಗೋವಿಂದಣ್ಣನಿಗೆ,

ಗ್ರೂಪಿನಲ್ಲಿ ಬರೆದರೆ ನಮ್ಮ ಟೀಮಿನ ಹನ್ನೊಂದು ಜನವೂ ಓದುತ್ತಾರೆ, ನಿನಗೊಬ್ಬನಿಗೇ ಮೆಸೇಜ್ ಹಾಕಿದರೆ ಈಗಲೇ ಓದಿ ನನ್ನನ್ನು ತಡೆಯುತ್ತೀಯ, ಅದಕ್ಕೇ ಪೋಸ್ಟಿನಲ್ಲಿ ಕಾಗದ. ಕನ್ನಡ ತಪ್ಪಿದ್ದರೆ ನಗಬೇಡ.

ಫೋನಿನಲ್ಲಿ ನಾವೆಲ್ಲ ಆಡುವ ಯುದ್ಧದ ಆಟದಲ್ಲಿ ಬೂದಿಗೆರೆ ಟೀಮಿನ ಹಡಗುಗಳು ಮೂರು ವಾರದಿಂದ ನಮ್ಮ ಬಂದರುಗಳನ್ನು ದೂರದಿಂದಲೇ ಸುಡುತ್ತಿವೆ. ನಮ್ಮ ಟ್ಯಾಂಕುಗಳ ಗುಂಡು ಅಲ್ಲಿಗೆ ಮುಟ್ಟುವುದಿಲ್ಲ. ಅವರಷ್ಟು ಹಡಗು ಕಟ್ಟುವುದೂ ನಮ್ಮಿಂದಾಗದು. ಆದರೆ ಎಣ್ಣೆ ತುಂಬಿಸಿಕೊಳ್ಳಲು ಅವು ಒಂದೇ ಒಂದು ಕಿರಿದಾದ ಜಲಸಂಧಿಯಲ್ಲಿ ಹಾದುಹೋಗಬೇಕು. ಇಂಟರ್ನಲ್ಸ್‌ಗೆ ಓದುವುದನ್ನು ಬಿಟ್ಟು ಅಲ್ಲಿ ಸಬ್‌ಮರೀನ್ ಅಡಗಿಸಿದೆ, ಎರಡು ದಡದಲ್ಲೂ ಫಿರಂಗಿ ಇಟ್ಟೆ.

ಅದನ್ನು ಹೇಳಲು ಫೋನ್ ಮಾಡಿದರೆ ನೀನು ಏನಂದೆ? "ಲೇ ಅರ್ಪಿತಾ, ಆ ಹಡಗೆಲ್ಲ ನಂಗೆ ನೋಡಿರೋ ಹುಡುಗಿ ಅಕ್ಷತಾಳ ಅಣ್ಣಂದು ಕಣೇ. ಹೆಣ್ಣು ಕೊಡೋರ ಹಡಗು ಯಾರಾದ್ರೂ ಮುಳುಗಿಸ್ತಾರಾ? ನಿಶ್ಚಿತಾರ್ಥ ಆಗೋವರ್ಗೂ ಸುಮ್ನಿರು."

ಅವರು ದಾಳಿಗೆ ಬರುವ ಹೊತ್ತೂ ನಿನಗೆ ಮೊದಲೇ ಗೊತ್ತಿತ್ತು ಅಂತ ನೀನೇ ಬಾಯಿಬಿಟ್ಟೆ. ನಮ್ಮ ಟೀಮಿನಲ್ಲೇ ಆಡುವ ಅತ್ತೆ ಮಗಳು ತನ್ನ ಬಂದರು ಹೋಯಿತೆಂದು ಅತ್ತಾಗ "ಬ್ಯಾಡ್ ಲಕ್ ಗುರು" ಅಂತ ಟೈಪ್ ಮಾಡಿದವನೂ ನೀನೇ. ನಮ್ಮ ಕ್ಯಾಪ್ಟನ್ ನೀನು.

ನಾಳೆ ಸಂಜೆ ಆ ಹಡಗುಗಳು ಜಲಸಂಧಿಗೆ ಬರುತ್ತವೆ. ಏರ್‌ಪೋರ್ಟ್ ಡ್ಯೂಟಿ ಮುಗಿಸಿ ನೀನು ಇದನ್ನು ಓದುವ ಹೊತ್ತಿಗೆ ಒಂದೂ ಉಳಿದಿರುವುದಿಲ್ಲ. ಇದರಿಂದ ಸಂಬಂಧ ಮುರಿದರೆ ಅಂತ ನನಗೆ ತುಂಬಾ ಭಯವಿದೆ. ಆದರೂ ಫಿರಂಗಿ ತೆಗೆಯುವುದಿಲ್ಲ.

ನಿಶ್ಚಿತಾರ್ಥ ನಡೆದರೆ ಅತ್ತಿಗೆಗೆ ಹೂ ಮುಡಿಸಲು ಬರುತ್ತೇನೆ. ಫೋಟೊಗೆ ಮಾತ್ರ ನಿನ್ನ ಪಕ್ಕ ನನ್ನನ್ನು ನಿಲ್ಲಿಸಬೇಡ.

ನಿನ್ನ ತಂಗಿ,
ಅರ್ಪಿತ