ಕಾಡಿನ ಕೆಳಗಿನ ತಿರುವು

ವಾಲ್‌ಪುರ್ಗಾ,

ಸ್ಕೀ ಸಂಘದ ಸ್ಮರಣ ಸಂಚಿಕೆಯಲ್ಲಿ ನೀನು ಬರೆದ ಲೇಖನವನ್ನು ಎರಡು ಬಾರಿ ಓದಿದೆ. ಅದರಲ್ಲಿ ಮೂರು ತಪ್ಪುಗಳಿವೆ. ಹನ್ನೊಂದು ವರ್ಷದ ಹಿಂದೆ, ಆ ಕೊನೆಯ ಓಟದಂದು, ರೇಡಿಯೊ ಕೆಟ್ಟಿರಲಿಲ್ಲ. ಒಟಿಲಿ ಹಟಕ್ಕೆ ಬಿದ್ದು ನೇರ ದಾರಿ ಹಿಡಿದವಳಲ್ಲ. ಅವಳ ಮಂಡಿ ಮುರಿದದ್ದನ್ನು ‘ದುರದೃಷ್ಟ’ ಎಂದಿದ್ದೀಯೆ. ಒಬ್ಬರು ತಿಳಿದೂ ತಿಳಿದೂ ಮಾಡಿದ ಕೆಲಸಕ್ಕೆ ಆ ಪದ ಸಲ್ಲದು.

ನೀವಿಬ್ಬರೂ ನನ್ನ ತರಗತಿಯಲ್ಲಿ ಒಂದೇ ಬೆಂಚಿನವರು. ಆ ಚಳಿಗಾಲ ಆರು ದೇಶಗಳ ಇಳಿಜಾರುಗಳಲ್ಲಿ ಸ್ಪರ್ಧಿಸಿ, ಕೊನೆಯ ಓಟಕ್ಕೆ ನಮ್ಮೂರ ಬೆಟ್ಟಕ್ಕೇ ಮರಳಿದ್ದಿರಿ. ಋತುವಿನ ಕಪ್‌ನ ಲೆಕ್ಕದಲ್ಲಿ ಒಟಿಲಿ ನಿನಗಿಂತ ಒಂಬತ್ತು ಅಂಕ ಮುಂದಿದ್ದಳು. ಮೊದಲು ಇಳಿದವರು ರೇಡಿಯೊ ಹಿಡಿದು, ಮೇಲೆ ಕಾಯುತ್ತಿರುವ ತಂಡದವರಿಗೆ ಹಿಮ ಹೇಗಿದೆಯೆಂದು ಹೇಳಬೇಕು. ಎಷ್ಟೇ ಪೈಪೋಟಿಯಿದ್ದರೂ ಅಲ್ಲಿ ಯಾರೂ ಸುಳ್ಳಾಡುವುದಿಲ್ಲ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬರುವವಳಿಗೆ ಆ ಮಾತೇ ಕಣ್ಣು.

ನಾನು ಎಂದಿನಂತೆ ಕಾಡಿನ ಕೆಳಗಿನ ತಿರುವಿನಲ್ಲಿ, ದಾರಿ ಗುರುತಿಸುವ ಕಂಬಗಳನ್ನು ತಪ್ಪಿಸಿ ಹೋದವರ ಹೆಸರು ಬರೆದುಕೊಳ್ಳಲು ನಿಂತಿದ್ದೆ. “ರಿಟೈರ್ ಆದ್ರೂ ಕೆಂಪು ಪೆನ್ಸಿಲ್ ಬಿಡ್ಲಿಲ್ವಲ್ಲ ಟೀಚರ್ ನೀವು,” ಎಂದು ನಿಮ್ಮ ತರಬೇತುದಾರ ಲಿಯೊನ್‌ಹಾರ್ಟ್ ನಕ್ಕಿದ್ದ. ನೀನು ಇಳಿಯುವ ವೇಳೆಗೆ ಅವನು ರೇಡಿಯೊವನ್ನು ನನ್ನ ಕೈಗಿತ್ತು, ಕುಸಿದ ಬೇಲಿಯನ್ನು ಸರಿಪಡಿಸಲು ಕೆಳಗೆ ಹೋಗಿದ್ದ.

ಹಿಮ ಕಿತ್ತುಹೋಗಿ ತಿರುವಿನಲ್ಲಿ ನೀಲಿ ಮಂಜುಗಡ್ಡೆ ಕಾಣುತ್ತಿತ್ತು. ನೀನು ಅಲ್ಲಿ ಜಾರಿದೆ; ಸೊಂಟ ನೆಲಕ್ಕೆ ತಾಗಿತು; ಹೇಗೋ ಸಾವರಿಸಿಕೊಂಡು ಮುಂದೆ ಹೋದೆ. ಸ್ವಲ್ಪ ಹೊತ್ತಿನಲ್ಲೇ ರೇಡಿಯೊದಲ್ಲಿ, ನಿನ್ನನ್ನು ಮುದ್ದಿನ ಹೆಸರಿನಿಂದ ಕರೆಯುವ ಒಟಿಲಿಯ ದನಿ ಕೇಳಿಸಿತು: “ಬುರ್ಗಿ, ಕಾಡಿನ ಕೆಳಗೆ ಹೇಗಿದೆ?”

ಕೆಳಗಿನಿಂದ ನೀನು ಹೇಳಿದೆ: “ಹಿಮ ಚೆನ್ನಾಗಿ ಹಿಡಿಯುತ್ತೆ ಕಣೇ. ವೇಗ ತಗ್ಗಿಸ್ಬೇಡ, ನೇರ ಬಾ.”

ಗುಂಡಿ ಒತ್ತಿ ನಾನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಇಳಿದು ಹೋದವಳಿಗೆ ಗೊತ್ತಿರುವುದು ನಿಂತು ನೋಡುವ ಮುದುಕಿಗೆ ಹೇಗೆ ಗೊತ್ತಾದೀತು ಎಂದುಕೊಂಡೆ. ನನ್ನ ಕಣ್ಣಿಗಿಂತ ನಿನ್ನ ಮಾತನ್ನು ನಂಬಿದೆ. ಒಟಿಲಿ ನನ್ನೆದುರೇ ಜಾರಿ ಬೇಲಿಗೆ ಬಡಿದಳು. ಆ ಋತುವಿನ ಕಪ್ ನಿನ್ನದಾಯಿತು.

ಮರುದಿನ ಬೆಳಿಗ್ಗೆ ನೀನು ನನ್ನ ಅಡುಗೆಮನೆಯಲ್ಲಿ ಕುಳಿತು ಅತ್ತೆ. “ನಿಜ ಹೇಳಿದ್ರೆ ಅವಳೇ ಗೆಲ್ತಿದ್ಲು ಟೀಚರ್. ಬೀಳ್ತಾಳೆ ಅಂದ್ಕೊಂಡಿರ್ಲಿಲ್ಲ, ಸ್ವಲ್ಪ ತಡವರಿಸ್ತಾಳೆ ಅಷ್ಟೇ ಅಂದ್ಕೊಂಡೆ. ಅವಳು ಆಸ್ಪತ್ರೆಯಿಂದ ಬಂದ ಕೂಡ್ಲೇ ನಾನೇ ಹೇಳ್ತೀನಿ. ಅಲ್ಲೀವರೆಗೂ ನೀವು ಸುಮ್ನಿರಿ.”

ಹನ್ನೊಂದು ವರ್ಷ ಸುಮ್ಮನಿದ್ದೆ. ತಪ್ಪನ್ನು ತಾನೇ ತಿದ್ದಿಕೊಳ್ಳುವ ಅವಕಾಶ ಪ್ರತಿ ವಿದ್ಯಾರ್ಥಿಗೂ ಇರಬೇಕೆಂಬ ನನ್ನ ನಿಯಮವನ್ನು ನೀನು ಚೆನ್ನಾಗಿ ಬಲ್ಲೆ. ಅದನ್ನೇ ನೀನು ಮರೆಯಾಗಿ ಬಳಸಿಕೊಂಡೆ. ತಲೆಗೆ ಬಿದ್ದ ಪೆಟ್ಟಿನಿಂದ ಒಟಿಲಿಗೆ ಆ ದಿನದ ನೆನಪೇ ಇಲ್ಲವೆಂಬುದೂ ನಿನಗೆ ಗೊತ್ತು. ಈಗ ಸಂಘ ಮಕ್ಕಳಿಗೆ ತರಬೇತುದಾರರನ್ನು ಆರಿಸುತ್ತಿದೆ. ಒಟಿಲಿ ಅರ್ಜಿ ಹಾಕಿದ್ದಾಳೆ. ಹಟಮಾರಿಯ ಕೈಗೆ ಮಕ್ಕಳನ್ನು ಒಪ್ಪಿಸುವುದು ಹೇಗೆಂದು ಅಧ್ಯಕ್ಷರು ನಿನ್ನ ಲೇಖನವನ್ನೇ ಮುಂದಿಟ್ಟಿದ್ದಾರೆ. ಅವಳು ಜಗಳವಾಡಲಿಲ್ಲ. “ಹಟ ಮಾಡಿರ್ಬೇಕು ಟೀಚರ್ ನಾನು. ಬುರ್ಗಿ ಬರೆದಿದ್ದಾಳೆ ಅಂದ್ಮೇಲೆ ನಿಜಾನೇ ಇರುತ್ತೆ,” ಎಂದಳು.

ಆ ಮಾತನ್ನು ಕೇಳಿದ ಮೇಲೆ ನನಗೆ ಸುಮ್ಮನಿರುವ ಹಕ್ಕು ಉಳಿಯಲಿಲ್ಲ. ಮೊದಲೂ ಇರಲಿಲ್ಲವೆಂದು ಅವಳಿಗೆ ಹೇಳಿ ಕ್ಷಮೆ ಕೇಳಿದ್ದೇನೆ.

ನಿನ್ನ ಮಗಳಿಗೆ ನಂಬಬಹುದಾದ ಗೆಳತಿಯರು ಸಿಗಲಿ ಎಂದು ಮನಸಾರೆ ಹರಸುತ್ತೇನೆ. ನಿನ್ನನ್ನು ಹರಸಲು ಇನ್ನೂ ಮಾತು ಸಿಕ್ಕಿಲ್ಲ.

ಒಂದು ಕಾಲಕ್ಕೆ ನಿನ್ನ ಉಪಾಧ್ಯಾಯಿನಿ,
ಅಡೆಲ್‌ಹೈಡ್ ಪ್ರಾಂಟ್ಲ್

ಅಂಚೆಗೆ ಹಾಕುವ ಮುನ್ನ, ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ, ಸಂಘದ ಸಭೆಯಲ್ಲಿ ಈ ಪತ್ರವನ್ನು ಪೂರ್ತಿಯಾಗಿ ಓದಿದೆ. ಹಾಜರಿದ್ದವರು: ಅಧ್ಯಕ್ಷ ಕಾಸ್ಪರ್ ಥಾಲರ್, ತರಬೇತುದಾರ ಲಿಯೊನ್‌ಹಾರ್ಟ್, ಬ್ರೆಡ್ ಅಂಗಡಿಯ ಆಗಾಥೆ, ಪಾದ್ರಿ ಸೆವೆರಿನ್, ಒಟಿಲಿ, ಮತ್ತು ನಿನ್ನ ತಾಯಿ ನೋಟ್‌ಬುರ್ಗಾ.